ಎದುರಿಗೆ ಕೂರುತ್ತಿದ್ದ ರುದ್ರಕ್ಕ

ರುದ್ರಕ್ಕನ ಖಾನಾವಳಿಯಲ್ಲಿ ಯಾರೂ ಒಬ್ಬರೇ ಕೂತು ಉಣ್ಣುವಂತಿರಲಿಲ್ಲ. ನಾಲ್ಕು ಮಂದಿ ಇದ್ದರೆ ಆಕೆ ಬಡಿಸುತ್ತ ಓಡಾಡಿಕೊಂಡಿರುತ್ತಿದ್ದಳು. ಊಟದ ಹೊತ್ತು ಮೀರಿ ಒಬ್ಬನೇ ಬಂದನೋ, ಅವನು ಲಾರಿ ಡ್ರೈವರನೇ ಆಗಲಿ, ಗಣಿಯ ಮ್ಯಾನೇಜರನೇ ಆಗಲಿ, ಕೈ ತೊಳೆದು ಸೆರಗಿಗೆ ಒರೆಸಿಕೊಂಡು ಎದುರಿಗೆ ಬಂದು ಕೂತುಬಿಡುತ್ತಿದ್ದಳು. ತನ್ನ ತಟ್ಟೆಗೆ ಅರ್ಧ ರೊಟ್ಟಿ ಹಾಕಿಕೊಂಡು, ಅವನು ಉಂಡು ಏಳುವ ತನಕ ಅದನ್ನೇ ಚೂರು ಚೂರಾಗಿ ಮುರಿಯುತ್ತಿದ್ದಳು. ಮುಜುಗರಪಟ್ಟುಕೊಂಡವರಿಗೆ, "ನಾಚ್ಕೋಬ್ಯಾಡ್ರಿ, ಒಬ್ರ ಕುಂತು ಉಂಡ್ರ ಅದು ಉಂಡಂಗಲ್ರಿ" ಅನ್ನುತ್ತಿದ್ದಳು. ಹೀಗೆ ದಿನಕ್ಕೆ ಎಷ್ಟು ಅರ್ಧ ರೊಟ್ಟಿ ಆಕೆಯ ಹೊಟ್ಟೆ ಸೇರುತ್ತಿದ್ದವೋ ಶಿವನೇ ಬಲ್ಲ.

ನಾನು ಯಶವಂತನಗರದಲ್ಲಿ ಅದಿರಿನ ಲಾರಿ ತೂಗುವ ವೇಬ್ರಿಡ್ಜಿನಲ್ಲಿ ಕೆಲಸಕ್ಕಿದ್ದೇನೆ. ದಿನವಿಡೀ ಲಾರಿಗಳ ಭಾರ ನೋಡುವ ನನ್ನ ಸ್ವಂತ ಭಾರ ಆಗ ನೂರಾ ನಲವತ್ತೆರಡು ಕಿಲೋ. ಹೆಣ್ಣು ನೋಡಲು ಹೋದ ಮನೆಯವರೆಲ್ಲ ಉಪ್ಪಿಟ್ಟು ಕೊಟ್ಟು, ಚಹಾ ಕೊಟ್ಟು, ನಾನು ಕೂತ ಕುರ್ಚಿಯನ್ನೇ ನೋಡುತ್ತ ಕೂತು ಕಳಿಸಿಕೊಟ್ಟರು. ಅವ್ವ ತೀರಿಕೊಂಡ ಮೇಲೆ ಮನೆಯಲ್ಲಿ ಒಲೆ ಹಚ್ಚುವುದನ್ನೇ ಬಿಟ್ಟೆ. ರಸ್ತೆ ದಾಟಿದರೆ ರುದ್ರಕ್ಕನ ಖಾನಾವಳಿ. ಮೂರು ಹೊತ್ತೂ ಅಲ್ಲೇ.

ಆಕೆ ಕಂಪ್ಲಿಯವಳು. ಗಂಡ ಗಣಿಯಲ್ಲಿ ಕೆಲಸಕ್ಕಿದ್ದು ತೀರಿಕೊಂಡ ಮೇಲೆ ಖಾನಾವಳಿ ತೆರೆದಿದ್ದಳು. ಮಕ್ಕಳಿಲ್ಲ. ಹಣೆ ತುಂಬ ವಿಭೂತಿ, ಕೊರಳಲ್ಲಿ ಲಿಂಗ, ಕೈಯಲ್ಲಿ ಸದಾ ಒಂದು ಸೌಟು. ಕಣ್ಣಿಗೆ ಪೊರೆ ಬಂದಿತ್ತು, ತೆಗೆಸಿಕೊಳ್ಳಲು ಅಂಜಿಕೆ. ಹಾಗಾಗಿ ಮಂದಿಯನ್ನು ಆಕಾರ ನೋಡಿಯೇ ಗುರುತಿಸುತ್ತಿದ್ದಳು. ನನ್ನನ್ನು ಗುರುತಿಸುವುದು ಆಕೆಗೆ ಎಲ್ಲಕ್ಕಿಂತ ಸುಲಭ, ಯಾಕೆಂದರೆ ನಾನು ಬಾಗಿಲಿಗೆ ಬಂದು ನಿಂತರೆ ಒಳಗೆ ಕತ್ತಲಾಗುತ್ತಿತ್ತು. "ಬಂದ್ಯಾ ಶರಣಾ? ಬಾಗ್ಲ ಬಿಟ್ಟು ಈಕಡಿ ಸರೀಲೇ, ಪಲ್ಯಾ ಕಾಣವಲ್ದು" ಎಂದು ಅಲ್ಲಿಂದಲೇ ಕೂಗುತ್ತಿದ್ದಳು. ಎಲ್ಲರೂ ನಗುತ್ತಿದ್ದರು, ನಾನೂ ನಗುತ್ತಿದ್ದೆ. ನನ್ನ ಮೈಯನ್ನು ಯಾರಾದರೂ ಆಡಿಕೊಂಡರೆ ನನಗೆ ಉರಿಯುತ್ತಿತ್ತು. ಆಕೆ ಅಂದರೆ ಮಾತ್ರ ಏನೂ ಅನ್ನಿಸುತ್ತಿರಲಿಲ್ಲ.

ಮೊಣಕಾಲು ಸೋತವು, ಸಕ್ಕರೆ ಕಾಯಿಲೆ ಏರಿತು, ಮಲಗಿದರೆ ಉಸಿರು ಕಟ್ಟತೊಡಗಿತು. ಹುಬ್ಬಳ್ಳಿಯ ಡಾಕ್ಟರು ಹೊಟ್ಟೆಯ ಚೀಲವನ್ನೇ ಕತ್ತರಿಸಿ ಸಣ್ಣದು ಮಾಡುವ ಆಪರೇಷನ್ ಹೇಳಿದರು. ಅದಕ್ಕೂ ಮೊದಲು ಹದಿನಾಲ್ಕು ದಿನ ಹಲ್ಲಿಗೆ ಕೆಲಸವಿಲ್ಲ. ಬರೀ ನೀರಿನಂಥ ಆಹಾರ, ಊಟದ ಬದಲು ಪ್ರೋಟೀನ್ ಪುಡಿ. ಹಾಗೆ ಮಾಡಿದರೆ ಲಿವರ್ ಕುಗ್ಗಿ ಡಾಕ್ಟರಿಗೆ ಜಾಗ ಸಿಗುತ್ತದಂತೆ. ಹಾಲಿನಿಂದ ಮಾಡಿದ ಪುಡಿ ಕೊಟ್ಟು ನೋಡಿದರು, ನನ್ನ ಹೊಟ್ಟೆ ಅದನ್ನು ಒಂದು ದಿನವೂ ಇಟ್ಟುಕೊಳ್ಳಲಿಲ್ಲ. ಕೊನೆಗೆ ಬಟಾಣಿ ಮತ್ತು ಅಕ್ಕಿಯಿಂದ ತೆಗೆದ ಪುಡಿ ಗೊತ್ತಾಯಿತು. ನೀರಿಗೆ ಹಾಕಿ ಅಲ್ಲಾಡಿಸಿ ಕುಡಿದರೆ ಹಸಿ ಹಿಟ್ಟು ನೆಕ್ಕಿದ ಹಾಗಿರುತ್ತಿತ್ತು.

ರೊಟ್ಟಿ ಬಡಿಯುವ ಸಪ್ಪಳ ಕೇಳಿದರೆ ನನ್ನ ಕೈಯಲ್ಲಿ ತಡೆಯಲಾಗುವುದಿಲ್ಲವೆಂದು ಖಾನಾವಳಿಯ ಕಡೆ ತಲೆ ಹಾಕುವುದನ್ನೇ ಬಿಟ್ಟೆ. ಎರಡು ದಿನ ನೋಡಿ ಮೂರನೆಯ ದಿನ ರುದ್ರಕ್ಕನೇ ನನ್ನ ಕ್ಯಾಬಿನ್ನಿಗೆ ಬಂದಳು. ಮುಖ ಕೆಂಪಗಾಗಿತ್ತು.

"ನನ್ ಕಡಿಂದ ಏನ್ ತಪ್ಪಾತಲೇ? ಉಪ್ಪ ಜಾಸ್ತಿ ಆತಾ? ಬಾಯಿ ಬಿಟ್ಟು ಹೇಳಾಕೇನಾಗಿತ್ತು?"

ವಿಷಯ ಹೇಳಿದೆ. ಡಬ್ಬಿ ತೆಗೆದು ತೋರಿಸಿದೆ. ಮೂಗಿನ ಹತ್ತಿರ ಹಿಡಿದು, "ಥೂ, ಇದಕ್ಕಿಂತ ಗ್ವಾಡಿ ಸುಣ್ಣ ಚಲೋ ಐತಿ" ಅಂದಳು. ಆಮೇಲೆ ಡಬ್ಬಿಯನ್ನು ನನ್ನ ಕೈಗೆ ವಾಪಸಿಟ್ಟು, "ಕುಡೀಬೇಕಂದ್ರ ಕುಡಿ. ಆದ್ರ ಹಿಂಗ ಕಳ್ಳರಂಗ ಮೂಲ್ಯಾಗ ಕುಂತು ಕುಡಿಬ್ಯಾಡ. ಡಬ್ಬಿ ತಗೊಂಡು ಅಲ್ಲಿಗೇ ಬಾ" ಎಂದಳು.

ಹೋದೆ. ನನ್ನ ಎಂದಿನ ಜಾಗದಲ್ಲಿ ತಟ್ಟೆ ಇಟ್ಟು, ನೀರು ಚಿಮುಕಿಸಿ ಒರೆಸಿ, ತಟ್ಟೆಯ ನಡುವೆ ಒಂದು ಸ್ಟೀಲಿನ ಲೋಟ ಇಟ್ಟಳು. ಪುಡಿಯನ್ನು ನಾನೇ ಅಳತೆ ಮಾಡಿ ಹಾಕಿಕೊಳ್ಳುತ್ತಿದ್ದೆ, ಏಕೆಂದರೆ ಆಕೆಗೆ ಅಳತೆಯ ಗೆರೆ ಕಾಣುತ್ತಿರಲಿಲ್ಲ. ಗಂಟಾದರೆ ಚಹಾ ಸೋಸುವ ಜರಡಿಯಲ್ಲಿ ಆಕೆ ಸೋಸಿಕೊಡುತ್ತಿದ್ದಳು. ಆಮೇಲೆ ತಾನೂ ಒಂದು ಲೋಟ ತುಂಬಿಕೊಂಡು ಎದುರಿಗೆ ಕೂರುತ್ತಿದ್ದಳು. ಅದರಲ್ಲಿ ಏನಿದೆ ಎಂದು ನಾನು ಕೇಳಲಿಲ್ಲ. ಮಜ್ಜಿಗೆ ಇರಬೇಕು ಅಂದುಕೊಂಡೆ. ಐದನೆಯ ದಿನ ಪಕ್ಕದ ತಟ್ಟೆಯ ಬದನೆಕಾಯಿ ಎಣ್ಣೆಗಾಯಿ ನೋಡಿ ನನಗೆ ನಿಜವಾಗಿಯೂ ಕಣ್ಣೀರು ಬಂತು. ಡ್ರೈವರೊಬ್ಬ ನಕ್ಕ. "ನಗಬ್ಯಾಡ್ರಿ, ಒಂದ್ ಹೊತ್ತು ಬಿಟ್ಟು ನೋಡ್ರಿ, ಗೊತ್ತಾಕ್ಕೈತಿ" ಎಂದು ರುದ್ರಕ್ಕ ಅವನ ಬಾಯಿ ಮುಚ್ಚಿಸಿದಳು. ಹಸಿವಿನಿಂದ ತಲೆ ತಿರುಗುತ್ತಿದ್ದ ಆ ದಿನಗಳಲ್ಲಿ ನಾನು ಸುಖವಾಗಿದ್ದೆ ಎಂದರೆ ಯಾರೂ ನಂಬಲಿಕ್ಕಿಲ್ಲ.

ಆರನೆಯ ದಿನ ಮೊದಲ ಡಬ್ಬಿ ಖಾಲಿಯಾಯಿತು. "ಡಬ್ಬಿ ಚಲೋ ಐತಿ, ನನಗಿರ್ಲಿ" ಎಂದು ಇಸಿದುಕೊಂಡಳು. ನಾನು ಅಂಥದ್ದೇ ಹೊಸ ಡಬ್ಬಿ ತಂದು, ಸೀಲು ಕಿತ್ತು, ಖಾನಾವಳಿಯಲ್ಲಿ ನನ್ನ ಡಬ್ಬಿ ಇಡುತ್ತಿದ್ದ ಗೋಡೆಯ ಹಲಗೆಯ ಮೇಲೆಯೇ ಇಟ್ಟೆ. ಅಂದಿನಿಂದ ಪುಡಿ ಸ್ವಲ್ಪ ರುಚಿ ಹತ್ತತೊಡಗಿತು. ನಾಲಿಗೆ ಹೊಂದಿಕೊಂಡಿತು ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಹದಿನಾಲ್ಕನೆಯ ದಿನ ಡಬ್ಬಿ ಸಮೇತ ಹುಬ್ಬಳ್ಳಿಗೆ ಹೋದೆ. ಇಳಿಯಬೇಕಾದಷ್ಟು ತೂಕ ಇಳಿದಿರಲಿಲ್ಲ, ಲಿವರ್ ಕುಗ್ಗಿರಲಿಲ್ಲ. ಆಹಾರ ಹೇಳಿಕೊಡುವ ಹುಡುಗಿ ಡಬ್ಬಿಯ ಮುಚ್ಚಳ ತೆಗೆದು ಚಿಟಿಕೆ ಬಾಯಿಗೆ ಹಾಕಿಕೊಂಡು, "ಇದು ಪುಟಾಣಿ ಹಿಟ್ಟು, ಬರೀ ಹುರಿಗಡಲೆ, ಬೆಲ್ಲ ಬೇರೆ ಇದೆ. ಯಾರು ಕೊಟ್ಟರು ನಿಮಗೆ?" ಎಂದಳು. ಆಪರೇಷನ್ ಮುಂದಕ್ಕೆ ಹೋಯಿತು. ಮತ್ತೆ ಹದಿನಾಲ್ಕು ದಿನ, ಮೊದಲಿನಿಂದ.

ಮರುದಿನ ಮಧ್ಯಾಹ್ನ ಖಾನಾವಳಿ ತುಂಬಿದ್ದಾಗ ನುಗ್ಗಿದೆ. ಡಬ್ಬಿಯನ್ನು ಆಕೆಯ ಮುಂದೆ ಕುಕ್ಕಿ, "ಇದರಾಗ ಕೈ ಆಡ್ಸಾಕ ನಿನಗ ಯಾರು ಹೇಳಿದ್ರು? ಬೆಲ್ಲ, ಪುಟಾಣಿ ಹಾಕಿ ನನ್ನ ಕೊಲ್ಬೇಕಂತ ಮಾಡೀಯೇನು? ನೀನೇನು ನನ್ನ ಹಡೆದಾಕಿಯಾ?" ಎಂದು ಕೂಗಾಡಿದೆ. ತುತ್ತು ಕೈಯಲ್ಲಿ ಹಿಡಿದವರೆಲ್ಲ ಹಾಗೇ ಕೂತರು. ರುದ್ರಕ್ಕ ಡಬ್ಬಿಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದಳು, ಮೂಸಿ ನೋಡಿದಳು. ಹಲಗೆಯ ಕಡೆ ತಿರುಗಿ ಇನ್ನೊಂದು ಡಬ್ಬಿ ತಡವಿ ತೆಗೆದು, ಸೆರಗಿನಿಂದ ಒರೆಸಿ ನನ್ನ ಕೈಗಿಟ್ಟಳು.

"ತಪ್ಪಾತಪಾ. ಇದನ್ನ ಒಯ್ಯಿ. ಇದು ಚಲೋ ಐತಿ."

ಅಷ್ಟೇ ಅಂದಿದ್ದು. ಆ ಎರಡನೆಯ ಡಬ್ಬಿ ಯಾಕೆ ಹೆಚ್ಚುಕಡಿಮೆ ತುಂಬಿದೆ ಎಂದು ಯೋಚಿಸುವ ತಾಳ್ಮೆ ನನಗೆಲ್ಲಿತ್ತು?

ಮುಂದಿನ ಹದಿನಾಲ್ಕು ದಿನ ಕೋಣೆಯ ಬಾಗಿಲು ಹಾಕಿಕೊಂಡು ಒಬ್ಬನೇ ಕುಡಿದೆ. ಆಸ್ಪತ್ರೆಯ ಫಾರಂನಲ್ಲಿ ಜೊತೆಗಿರುವವರ ಹೆಸರಿನ ಮುಂದೆ ರುದ್ರಮ್ಮ, ಸಂಬಂಧ ಅಕ್ಕ ಎಂದು ಬರೆಸಿದ್ದೆ. ಅದನ್ನು ಹೊಡೆದು ಹಾಕಿಸಿದೆ. ವೇಬ್ರಿಡ್ಜಿನ ಗೆಳೆಯನೊಬ್ಬ ಬಂದು ಸಹಿ ಮಾಡಿ, ಆಪರೇಷನ್ ಮುಗಿದ ಸಂಜೆಯೇ ಬಸ್ಸು ಹತ್ತಿದ. ಆಮೇಲೆ ಮತ್ತೆ ಅದೇ ಪುಡಿ, ಈ ಸಲ ಗುಟುಕು ಗುಟುಕಾಗಿ. ಒಂದು ಲೋಟ ಖಾಲಿ ಮಾಡಲು ಅರ್ಧ ಬೆಳಗು ಬೇಕಾಗುತ್ತಿತ್ತು. ಎದುರಿಗೆ ಗೋಡೆ.

ಒಂದೂವರೆ ತಿಂಗಳಿಗೆ ಕೆಲಸಕ್ಕೆ ಮರಳಿದೆ. ಸಿಟ್ಟು ಆರಿತ್ತು. ಖಾನಾವಳಿಯ ಬಾಗಿಲಿಗೆ ಹೋದರೆ ದುಡ್ಡಿನ ಗಲ್ಲಾಪೆಟ್ಟಿಗೆಯ ಹಿಂದೆ ಹುಲಿಗೆಮ್ಮ ಕೂತಿದ್ದಳು. ಅಲ್ಲಿ ರೊಟ್ಟಿ ಬಡಿಯುತ್ತಿದ್ದವಳು. ರುದ್ರಕ್ಕನ ಕಣ್ಣು ಪೂರ್ತಿ ಮಸುಕಾಗಿ, ತಮ್ಮ ಬಂದು ಕಂಪ್ಲಿಗೆ ಕರೆದೊಯ್ದನಂತೆ.

"ಹೋಗೋ ಮುಂದ ನನ್ನ ವಿಷಯ ಏನರ ಅಂದ್ಲಾ?" ಎಂದು ಕೇಳಿದೆ.

ಹುಲಿಗೆಮ್ಮ ನನ್ನ ಮುಖ ನೋಡಿದಳು. "ಅಣ್ಣಾ, ಹೇಳಬ್ಯಾಡ ಅಂದಾಳ, ಆದ್ರ ನನಗ ತಡಿಯಾಕ ಆಗವಲ್ದು. ಅಕ್ಕ ನಿನ್ ಡಬ್ಬಿ ಮುಟ್ಟಿಲ್ಲ. ಆ ಪುಟಾಣಿ ಹಿಟ್ಟು ಆಕೀದು. ನೀ ರೊಟ್ಟಿ ಬಿಟ್ಟಿ ಅಂತ ಆಕೀನೂ ಬಿಟ್ಟಿದ್ಲು. ಹಿಟ್ಟಿಗೆ ನೀರ್ ಕಲಸಿ ಅದನ್ನೇ ಕುಡೀತಿದ್ಲು, ಮೂರೂ ಹೊತ್ತು. ನಿನ್ ಖಾಲಿ ಡಬ್ಬಿ ಇಸ್ಕೊಂಡು ಅದರಾಗ ತುಂಬಿಟ್ಳು. ಆ ಡಬ್ಬಿ ಹಳೇ ಜಾಗದಾಗ ಇತ್ತು. ಹೊಸಾದು ನೀನೇ ಬಾಜೂಕ ಇಟ್ಟಿ, ಮತ್ತ ರೂಢಿ ಮ್ಯಾಲೆ ಹಳೇ ಜಾಗದ್ದ ತಗೊಂಡಿ."

"ಅವತ್ತು ಯಾಕ ಹೇಳ್ಲಿಲ್ಲ?"

"ನಾನೂ ಕೇಳ್ದೆ. ಅಷ್ಟು ಮಂದಿ ಮುಂದ ಹೇಳಿದ್ರ ಅವ್ನ ಮುಖಾ ಸಣ್ಣದಾಕ್ಕಿತ್ತು ಅಂದ್ಲು."

ಮರುದಿನವೇ ಕಂಪ್ಲಿಗೆ ಹೋಗಬೇಕಿತ್ತು. ಹೋಗಲಿಲ್ಲ. ಯಾವ ಮುಖ ಹೊತ್ತು ಹೋಗುವುದು ಎಂದು ದಿನ ದೂಡಿದೆ. ಒಮ್ಮೆ ಹೊಸಪೇಟೆಯ ಬಸ್ ಸ್ಟ್ಯಾಂಡಿನ ತನಕ ಹೋಗಿ ತಿರುಗಿ ಬಂದೆ. ತೂಕ ಇಳಿಯುತ್ತಲೇ ಇತ್ತು. ಎಲ್ಲರೂ "ಮಸ್ತ್ ಆಗೀಯಲೇ" ಎಂದು ಬೆನ್ನು ತಟ್ಟುವವರೇ. ಈಗ ನನ್ನ ಊಟ ಕಾಲು ರೊಟ್ಟಿ, ಎರಡು ಚಮಚ ಬೇಳೆ. ಅಷ್ಟಕ್ಕೆ ಖಾನಾವಳಿಗೆ ಯಾಕೆಂದು ಕೋಣೆಯಲ್ಲೇ ಮುಗಿಸುತ್ತಿದ್ದೆ. ಎಂಟು ತಿಂಗಳಿಗೆ ಐವತ್ತೈದು ಕಿಲೋ ಕಳೆದಿದ್ದೆ. ಆಗ ಧೈರ್ಯ ಮಾಡಿ ಕಂಪ್ಲಿಯ ಬಸ್ಸು ಹತ್ತಿದೆ.

ಕಾಲುವೆಯ ಬದಿಯ ಮನೆ. ಬಾಗಿಲು ತೆರೆದೇ ಇತ್ತು. ರುದ್ರಕ್ಕ ಮೊರದಲ್ಲಿ ಅಕ್ಕಿ ಹರವಿಕೊಂಡು ಬೆರಳಿನಿಂದ ತಡವಿ ಕಲ್ಲು ಹುಡುಕುತ್ತಿದ್ದಳು. ನಾನು ಬಾಗಿಲಲ್ಲಿ ನಿಂತೆ. ಒಳಗೆ ಕತ್ತಲಾಗಲಿಲ್ಲ.

"ಯಾರ್ರಿ? ತಮ್ಮ ಮಿಲ್ಲಿಗೆ ಹೋಗ್ಯಾನ. ಬರ್ರಿ, ಕುಂದ್ರಿ."

ದಾರಿಯುದ್ದಕ್ಕೂ ತಪ್ಪೊಪ್ಪಿಕೊಳ್ಳುವ ಮಾತು ಕಟ್ಟಿಕೊಂಡು ಬಂದಿದ್ದೆ. ಹೆಸರನ್ನೂ ಹೇಳದೆ ಚಪ್ಪಲಿ ಬಿಟ್ಟು ಒಳಗೆ ಹೋಗಿ ಕೂತೆ.

"ಬಿಸಲಾಗ ಬಂದೀರಿ. ಊಟ ಆತೇನ್ರಿ?"

"ಇಲ್ರಿ" ಎಂದು ಪಿಸುಗುಟ್ಟಿದೆ. ಗೋಡೆ ಹಿಡಿದುಕೊಂಡು ಒಳಗೆ ಹೋಗಿ ನನಗೊಂದು ತಟ್ಟೆಯಲ್ಲಿ ರೊಟ್ಟಿ ಪಲ್ಯ ತಂದಿಟ್ಟಳು. ಇನ್ನೊಂದು ತಟ್ಟೆಗೆ ಅರ್ಧ ರೊಟ್ಟಿ ಹಾಕಿಕೊಂಡು ಎದುರಿಗೆ ಕೂತಳು. ನಾನು ಒಂದೊಂದೇ ಚೂರು ಅಗಿಯುತ್ತಿದ್ದೆ. "ಸಾವಕಾಶ ಉಣ್ರಿ, ನಾ ಇಲ್ಲೇ ಕುಂತೀನಿ" ಎಂದಳು. ಸ್ವಲ್ಪ ಹೊತ್ತು ಬಿಟ್ಟು ತಾನೇ ಶುರು ಮಾಡಿದಳು:

"ಯಶವಂತನಗರದಾಗ ನಂದೊಂದು ಖಾನಾವಳಿ ಇತ್ರಿ. ಅಲ್ಲಿ ಶರಣಾ ಅಂತ ಒಬ್ಬ ಇದ್ದ. ಕುಂತ್ರ ಎಂಟು ರೊಟ್ಟಿ. ಹೊಟ್ಟಿ ಆಪರೇಷನ್ ಮಾಡ್ಸ್ಕೊಂಡ ಅಂತ ಸುದ್ದಿ ಬಂತು. ಈಗ ಯಾರ ಕೂಡ ಉಣ್ತಾನೋ ಏನೋ."

ಮೂರು ತಿಂಗಳಾದ ಮೇಲೆ ಹುಲಿಗೆಮ್ಮ ಫೋನ್ ಮಾಡಿ, ಅಕ್ಕ ಹೋದಳು ಎಂದಳು. ನಾನು ತಲುಪುವಷ್ಟರಲ್ಲಿ ಮಣ್ಣು ಮಾಡಿ ಮುಗಿಸಿದ್ದರು.

ಆಕೆಯ ಎದುರಿಗೆ ಕೂತು ಉಂಡ ಆವತ್ತು ಆ ಮಾತಿಗೆ ಉತ್ತರ ನನ್ನ ನಾಲಿಗೆಯ ಮೇಲೇ ಇತ್ತು. "ಯಾರ ಕೂಡಾನೂ ಇಲ್ಲ ಅಕ್ಕಾ, ಇವತ್ತು ನಿನ್ನ ಕೂಡ" ಎಂದಿದ್ದರೆ ಸಾಕಿತ್ತು. ಅನ್ನಲಿಲ್ಲ. ಕೈ ತೊಳೆದು, "ಬರ್ತೀನ್ರಿ" ಎಂದು ಎದ್ದು ಬಂದೆ.