ಡಾಕ್ಟರ್‌ಬಾಯಿ ಬಿಟ್ಟುಕೊಟ್ಟ ಗುರುವಾರ

ಅವರ ಎಡಗೈ ಹೆಬ್ಬೆರಳಿನ ಬುಡದಲ್ಲಿ ಉದ್ದನೆಯ ಗಾಯದ ಕಲೆಯಿತ್ತು. ಚಿಕ್ಕಂದಿನಲ್ಲಿ ಮೆಟ್ಟುಗತ್ತಿಯಲ್ಲಿ ಮೀನು ಹೆಚ್ಚುವಾಗ ಆದದ್ದು. ಆಪರೇಷನ್ನಿಗೆ ಮುನ್ನ ಮೊಣಕೈಯವರೆಗೆ ಸೋಪು ಹಾಕಿ ತಿಕ್ಕಿದಾಗ ಅದು ಕೆಂಪೇರಿ ಎದ್ದು ಕಾಣುತ್ತಿತ್ತು. ಕಾರವಾರದ ಮೀನುಗಾರರ ಕೇರಿಯಲ್ಲಿ ಹುಟ್ಟಿ, ನಮ್ಮ ಆಸ್ಪತ್ರೆಯ ಶಸ್ತ್ರಚಿಕಿತ್ಸಾ ವಿಭಾಗಕ್ಕೆ ಮುಖ್ಯಸ್ಥೆಯಾದವರು ಅವರು. ಅದಕ್ಕೂ ಮೊದಲು ಆ ಕುರ್ಚಿಯಲ್ಲಿ ಹೆಂಗಸು ಕೂತದ್ದಿಲ್ಲ. ರೋಗಿಗಳಿಗೆಲ್ಲ ಅವರು ಡಾಕ್ಟರ್‌ಬಾಯಿ.

ನಾನು ಅಂಕೋಲೆಯ ಹಿಲ್ಲೂರು ಕಡೆಯವಳು, ತಲೆಮಾರುಗಳ ಹಿಂದೆ ಆಫ್ರಿಕಾದಿಂದ ಬಂದು ನೆಲೆಸಿದ ಸಿದ್ದಿ ಜನಾಂಗದವಳು. ಎರಡು ಸಾವಿರದ ಇಸವಿ ಕಳೆದ ಹೊಸತರಲ್ಲಿ, ಸರ್ಜರಿ ಓದು ಮುಗಿಸಿ ಅವರ ಕೈಕೆಳಗೆ ಸೇರಿದೆ. ನನ್ನ ಗುಂಗುರು ಕೂದಲು, ಕಪ್ಪು ಮೈ ನೋಡಿ "ನೀವು ಯಾವ ದೇಶದವ್ರು?" ಎಂದು ಕೇಳುವವರಿದ್ದರು. ಅಂಕೋಲೆಯವಳು ಎಂದರೆ ನಂಬುತ್ತಿರಲಿಲ್ಲ.

ಕದ್ವಾಡದ ಹಿರಿಯರೊಬ್ಬರು ಹರ್ನಿಯಾ ಆಪರೇಷನ್ನಿಗೆ ಬಂದಿದ್ದರು. ಮಾಡುವವಳು ನಾನೆಂದು ತಿಳಿದದ್ದೇ ಹಾಸಿಗೆಯಲ್ಲಿ ಎದ್ದು ಕೂತರು.

"ಇವಳ ಕೈಲಿ ಬೇಡ. ಬಾಯಿ, ನೀವೇ ಮಾಡಿ. ಇಲ್ದಿದ್ರೆ ನಾ ಮನೆಗೆ ಹೋಗ್ತೆ."

ಡಾಕ್ಟರ್‌ಬಾಯಿ ಒಪ್ಪಿ ತಾವೇ ಮಾಡಿದರು. ನಾನು ಎದುರಿಗೆ ನಿಂತು ಸಹಾಯ ಮಾಡಿದೆ. ಹೊರಗೆ ಬಂದ ಮೇಲೆ ತಡೆಯಲಾಗಲಿಲ್ಲ.

"ಮೇಡಂ, ನೀವು ಒಂದು ಮಾತು ಬಯ್ಯಬಹುದಿತ್ತು."

"ಟೇಬಲ್ ಹತ್ತುವವ್ರಿಗೆ ಬಯ್ಯುದು ಎಂತಕ್ಕೆ? ಮೊದಲೇ ಹೆದ್ರಿರ್ತಾರೆ," ಎಂದರು. ಕೈ ಒರೆಸಿಕೊಳ್ಳುತ್ತ ಮೆಲ್ಲಗೆ, "ನಿಂಗೆ ಜಾಗ ಮಾಡುದು ರೋಗಿಯ ಕೆಲ್ಸ ಅಲ್ಲ ಮಾರಾಯ್ತಿ, ನನ್ನದು."

ಮರುವಾರದ ಸಭೆಯಲ್ಲಿ ತಮ್ಮ ಗುರುವಾರದ ಆಪರೇಷನ್ ದಿನವನ್ನೇ ನನಗೆ ಬಿಟ್ಟುಕೊಟ್ಟರು.

"ಜನ ಒಪ್ಪುದಿಲ್ಲ ಮೇಡಂ," ಎಂದರು ಹಿರಿಯ ಸರ್ಜನ್ ಒಬ್ಬರು.

"ನನ್ನ ಒಪ್ಪಿದ್ರಾ? ಮೀನು ಕೊಯ್ಯುವವಳು ಹೊಟ್ಟೆ ಕೊಯ್ತಾಳಾ ಅಂತಿದ್ರು. ಈಗ ರೂಢಿ ಆಯ್ತು."

ನನ್ನ ವಿಷಯದಲ್ಲಿ ರೂಢಿಯಾಗಲು ಕಾಲ ಹಿಡಿಯಿತು. ಗುರುವಾರ ಬೇಡವೆಂದು ಬೇರೆ ದಿನಕ್ಕೆ ಕಾಯುವವರೇ ಹೆಚ್ಚು. ಆ ಮಳೆಗಾಲ ಡಾಕ್ಟರ್‌ಬಾಯಿಗೇ ಪಿತ್ತಕೋಶದಲ್ಲಿ ಕಲ್ಲಾಗಿ ಕೀವು ತುಂಬಿತು. ಮಗ ಗೋವಾಕ್ಕೆ ಕರೆದೊಯ್ಯಲು ಗಾಡಿ ತಂದ. ಜ್ವರದಲ್ಲಿ ನಡುಗುತ್ತಲೇ ಅವರು, "ಎಲ್ಲಿಗೂ ಬರುದಿಲ್ಲ. ಇವಳೇ ಮಾಡ್ಲಿ," ಎಂದರು.

ಅವರೇ ಕಲಿಸಿದ ಕ್ರಮದಲ್ಲಿ ಅವರ ಹೊಟ್ಟೆ ತೆರೆದು ಪಿತ್ತಕೋಶ ತೆಗೆದೆ.

ಅವರು ಚೇತರಿಸಿಕೊಂಡು ವಾರ್ಡಿನಲ್ಲಿ ನಡೆದಾಡುವಷ್ಟರಲ್ಲಿ ಸುದ್ದಿ ಅಂಕೋಲೆ ದಾಟಿತ್ತು. ಭಾವಿಕೇರಿಯ ಹೆಂಗಸೊಬ್ಬಳು ನನ್ನನ್ನೇ ಹುಡುಕಿ ಬಂದಳು. "ಬಾಯಿಯೋರ ಹೊಟ್ಟೆ ಕೊಯ್ದವ್ರು ನೀವೇ ಅಲ್ದಾ? ನಂಗೂ ನೀವೇ ಆಗ್ಬೇಕು."

ಎಷ್ಟೋ ದಿನಗಳ ಮೇಲೆ ಕೇಳಿದೆ, "ಅವತ್ತು ನನ್ನ ಕೈಲಿ ಆಪರೇಷನ್ ಮಾಡಿಸ್ಕೊಳ್ಳುವಾಗ ಹೆದರಿಕೆ ಆಗಲಿಲ್ವಾ ಮೇಡಂ?"

"ಆಗ್ದೇ ಎಂತ! ಜೀವ ಬಾಯಿಗೆ ಬಂದಿತ್ತು. ನಿಂಗೆ ತೋರಿಸ್ಲಿಲ್ಲ ಅಷ್ಟೇ."

ಅವರು ತೀರಿಕೊಂಡು ಕೆಲವು ವರ್ಷಗಳಾದವು. ಆ ವಿಭಾಗವನ್ನು ಈಗ ನಾನು ನೋಡಿಕೊಳ್ಳುತ್ತಿದ್ದೇನೆ. ಹೊಸದಾಗಿ ಬಂದ ಹುಡುಗಿಯ ಕೈಗೆ ಬ್ಲೇಡು ಕೊಟ್ಟು ಎದುರು ನಿಂತಾಗ ನನಗೂ ಹೆದರಿಕೆಯಾಗುತ್ತದೆ. ತೋರಿಸುವುದಿಲ್ಲ.