ಮಾಸ್ತರರ ಎಡಗಲ್ಲ

ಬೀರಮ್ಮಾ, ನೀನು ನನ್ನ ಕೆಲಸ ಕೆಡಿಸಿದೆ ಎಂದು ಊರೆಲ್ಲ ಹೇಳಿಕೊಂಡು ತಿರುಗಿದೆನಲ್ಲ — ಅದು ಸುಳ್ಳು. ಸುಳ್ಳೆಂದು ಹೇಳುವಾಗಲೇ ಗೊತ್ತಿತ್ತು. ಮಕ್ತಲದ ಚೌಕದಲ್ಲಿ ನಿಂತಿರುವ ಮಾಸ್ತರರ ಕಂಚಿನ ಮೂರ್ತಿಯ ಮುಖಕ್ಕೆ ಜೀವ ತಂದದ್ದು ನಿನ್ನ ಹೆಬ್ಬೆರಳು. ಕೆಳಗೆ ಕಲ್ಲಿನಲ್ಲಿ ಕೊರೆದಿರುವುದು ನನ್ನ ಹೆಸರು.

ಗದ್ವಾಲದ ನನ್ನ ಶೆಡ್ಡಿನಲ್ಲಿ ಹನ್ನೊಂದು ವರ್ಷ ಮಣ್ಣು ತುಳಿದವಳು ನೀನು. ಎಲ್ಲರಿಗಿಂತ ಮೊದಲು ಬಂದು, ಮಣ್ಣಿನ ಮೂರ್ತಿಗೆ ಸುತ್ತಿದ ಗೋಣಿತಟ್ಟಿಗೆ ನೀರು ಚಿಮುಕಿಸುವವಳೂ ನೀನೇ. ಒಣಗಿದರೆ ಮಣ್ಣು ಬಿರಿಯುತ್ತದೆ, ಕಂಚು ಎರೆಯಲು ಅಚ್ಚು ತೆಗೆಯಲಾಗುವುದಿಲ್ಲ. ಹೆಣ್ಣುಮಗಳು ಚೌಕದ ಮೂರ್ತಿ ಮಾಡುತ್ತಾಳೇನು ಎಂದು ನನ್ನನ್ನು ನೋಡಿ ನಕ್ಕವರ ನಡುವೆ ನನಗೆ ನಂಬಿಕೆಯಿದ್ದದ್ದು ನಿನ್ನೊಬ್ಬಳ ಮೇಲೆ — ಇತ್ತು ಎಂದುಕೊಂಡಿದ್ದೆ.

ಮಾಸ್ತರರು ತೀರಿಹೋಗಿದ್ದರು. ನನಗೆ ಸಿಕ್ಕದ್ದು ಒಂದೇ ಫೋಟೋ, ಯಾವುದೋ ಅರ್ಜಿಗೆಂದು ತೆಗೆಸಿದ್ದು. ಬಿಗಿದ ಬಾಯಿ. ಅದನ್ನೇ ನೋಡಿ ಮುಖ ಮಾಡಿದೆ. ಮರುದಿನ ಗೋಣಿ ಬಿಚ್ಚಿದರೆ ಎಡಗಲ್ಲ ಒಂಚೂರು ಉಬ್ಬಿದೆ! ಕೊರೆದು ಸಮ ಮಾಡಿದೆ. ಅದರ ಮರುದಿನವೂ ಉಬ್ಬಿತ್ತು, ಮತ್ತೆ ಕೊರೆದೆ. ಇದು ನಿನ್ನದೇ ಕೈವಾಡ ಅಂದುಕೊಂಡೆ. ನಿನ್ನನ್ನು ಕೇಳಲಿಲ್ಲ, ಕೇಳಿದರೆ ಹುಷಾರಾಗುತ್ತೀಯೆಂದು. ರಾಯಚೂರಿನ ಇನ್ನೊಬ್ಬ ಶಿಲ್ಪಿ ಈ ಕೆಲಸ ತನಗೆ ಸಿಗಲೆಂದು ಓಡಾಡಿದ್ದು ಗೊತ್ತಿತ್ತು. ಬಸ್‌ಸ್ಟ್ಯಾಂಡಿನಲ್ಲಿ ನೀನು ಅವನ ಜೊತೆ ಮಾತಾಡಿದ್ದನ್ನು ಕಂಡಿದ್ದೆ. ಅವನು ದಾರಿ ಕೇಳಿರಬಹುದು, ಕ್ಷೇಮ ಕೇಳಿರಬಹುದು — ಅನುಮಾನ ಹೊಕ್ಕ ತಲೆಗೆ ಅದೆಲ್ಲ ಹೊಳೆಯುತ್ತದೆಯೇ? ನೀನು ನಕ್ಕರೆ ಯಾಕೆ ನಕ್ಕಳು, ಸುಮ್ಮನಿದ್ದರೆ ಯಾಕೆ ಸುಮ್ಮನಿದ್ದಾಳೆ. ನೀನು ಕೊಟ್ಟ ಚಹಾದ ಲೋಟವನ್ನೂ ತಿರುಗಿಸಿ ನೋಡಿದೆ. ಥೂ, ನನ್ನ ಬುದ್ಧಿಗಿಷ್ಟು ಬೆಂಕಿ ಬೀಳ!

ಮೂರ್ತಿ ಮಾಡಿಸುತ್ತಿದ್ದ ಕಮಿಟಿಯವರು ಮುಖ ನೋಡಿ ಒಪ್ಪಿಗೆ ಕೊಡಲು ಬರುವ ದಿನ ನಾನು ಬೇಗನೆ ಬಂದು ಕಿಟಕಿಯಿಂದ ಇಣುಕಿದೆ. ನೀನು ಸ್ಟೂಲಿನ ಮೇಲೆ ನಿಂತು ಆ ಗಲ್ಲಕ್ಕೆ ಹೆಬ್ಬೆರಳಿನಿಂದ ಮಣ್ಣು ಒತ್ತುತ್ತಿದ್ದೆ.

"ಯಾರು ಕಳಿಸ್ಯಾರ ನಿನ್ನ?" ಎಂದು ಒಳಗೆ ನುಗ್ಗಿದೆ.

"ಯಾರೂ ಕಳಿಸಿಲ್ರೀ ಅಕ್ಕಾರ. ಮಾಸ್ತರ್ ನಮ್ಮ ದಾಮರಗಿದ್ದದ ಸಾಲ್ಯಾಗ ಇದ್ರು. ನಾ ಅವ್ರ ಮನಿಗೆ ಹಾಲು ಹಾಕಾಕ ಹೋಗ್ತಿದ್ದೆ. ಅವ್ರ ಮಾರಿ ಹಿಂಗ ಇತ್ರೀ. ನಿಮಗ ಹೇಳಾಕ ಹೆದ್ರಿಕಿ ಆತು..."

"ಉಂಡ ಮನಿಗೆ ಎರಡು ಬಗಿಯಾಕಿ! ನಡಿ ಹೊರಗ."

ಗಲ್ಲ ಕೊರೆಯಲು ತಂತಿ ಎತ್ತುವಷ್ಟರಲ್ಲಿ ಕಮಿಟಿಯವರ ಜೀಪು ಬಂತು. ಜೊತೆಗೆ ಮಾಸ್ತರರ ಹೆಂಡತಿ. ಆಕೆ ನೇರ ಮೂರ್ತಿಯ ಹತ್ತಿರ ಬಂದರು. ಆಮೇಲೆ ಆ ಎಡಗಲ್ಲಕ್ಕೆ ಕೈಯಿಟ್ಟು ಅತ್ತೇಬಿಟ್ಟರು.

"ಬೆಳಗಾದ್ರ ಇಲ್ಲೇ ಎಲಿ ಅಡಿಕಿ ಇಟ್ಕೊಂಡಿರತಿದ್ರು ನೋಡವ್ವ. ಫೋಟೋಕ್ಕಂತ ನಾನೇ ಉಗುಳಿಸಿದ್ದೆ. ನಿನಗ ಯಾರು ಹೇಳಿದ್ರು?"

ನೀನಿನ್ನೂ ಹೊರಗೆ ನೀರಿನ ತೊಟ್ಟಿಯ ಹತ್ತಿರ ಕೈ ತೊಳೆಯುತ್ತಿದ್ದೆ. ನನಗೆ ಕಾಣುತ್ತಿತ್ತು.

"ಯಾರೂ ಹೇಳಿಲ್ರೀ. ಕೈಗೆ ತಾನಾಗಿ ಬಂತು," ಎಂದೆ ನಾನು.

"ಬಾಗುಂದಮ್ಮಾ, ಚಾಲಾ ಬಾಗುಂದಿ," ಎಂದು ತೆಲುಗಿನಲ್ಲಿ ಮೆಚ್ಚಿಕೊಂಡರು ಕಮಿಟಿಯವರು. ನೀನು ಸೆರಗಿಗೆ ಕೈ ಒರೆಸಿಕೊಂಡು, ಬುತ್ತಿಗಂಟು ಎತ್ತಿಕೊಂಡು ಹೋದೆ. ಆ ಮುಖವೇ ಕಂಚಾಯಿತು.

ಆಮೇಲೆ ಭಯ ಹತ್ತಿತು — ನೀನು ಎಲ್ಲಿ ಬಾಯಿ ಬಿಡುತ್ತೀಯೋ ಎಂದು. ಅದಕ್ಕೇ ನಾರಾಯಣಪೇಟೆಯವರೆಗೆ ಮೂರ್ತಿ ಮಾಡುವವರ ಶೆಡ್ಡುಗಳಲ್ಲೆಲ್ಲ ನಾನೇ ಮೊದಲು ಹೇಳಿದೆ: ಅವಳನ್ನು ಇಟ್ಟುಕೊಳ್ಳಬೇಡಿ, ಇನ್ನೊಬ್ಬರ ಕೆಲಸ ಕೆಡಿಸುತ್ತಾಳೆ. ಯಾರೂ ಇಟ್ಟುಕೊಳ್ಳಲಿಲ್ಲ. ನೀನು ಹೈದರಾಬಾದಿಗೆ ಹೋಗಿ ಸಿಮೆಂಟ್ ಬುಟ್ಟಿ ಹೊತ್ತೆ.

ಇನ್ನೊಂದು ಮಾತಿದೆ. ಎರಡನೆಯ ದಿನ ಆ ಗಲ್ಲವನ್ನು ಕೊರೆಯುವ ಮೊದಲು ನಾನು ಹಿಂದೆ ಸರಿದು ಆ ಮುಖವನ್ನು ನೋಡಿದ್ದೆ. ಮಾಸ್ತರರು ಈಗ ಮಾತಾಡುತ್ತಾರೆ ಅನಿಸಿತ್ತು. ಕೊರೆದ ಮೇಲೆ ಅನಿಸಲಿಲ್ಲ. ರಾಯಚೂರಿನವನೂ ಇಲ್ಲ, ಯಾರೂ ಇಲ್ಲ — ಹೊಟ್ಟೆಕಿಚ್ಚು, ಬೀರಮ್ಮಾ. ಮಣ್ಣು ತುಳಿಯುವವಳಿಗೆ ಕಂಡದ್ದು ನನಗೆ ಕಾಣಲಿಲ್ಲವಲ್ಲ ಎಂಬ...

ನೀನು ಊರಿಗೆ ಮರಳಿದ್ದೀಯೆಂದು ಕೇಳಿ ಹೋದ ತಿಂಗಳು ದಾಮರಗಿದ್ದಕ್ಕೆ ಬಂದೆ, ಎಲ್ಲವನ್ನೂ ಹೇಳಲೆಂದೇ. ನೀನು ಕೂರಲು ಹೊರಸು ಹಾಕಿ, ನೀರು ಕೊಟ್ಟು, "ಈಗ ಮಣ್ಣು ಯಾರು ತುಳೀತಾರ್ರೀ ಅಕ್ಕಾರ?" ಎಂದು ಕೇಳಿದೆ. ನಾನು ನೀರು ಕುಡಿದು ಎದ್ದುಬಂದೆ.

ಈ ಕಾಗದವನ್ನು ಮೊದಲು ಮಾಸ್ತರರ ಹೆಂಡತಿಗೆ ಓದಿ ಹೇಳುತ್ತೇನೆ. ಆಮೇಲೆ ನಿನ್ನಲ್ಲಿಗೆ ಬರುತ್ತೇನೆ. ನೀನು ಬಾಗಿಲು ಹಾಕಿಕೊಂಡರೆ ಓಣಿಯಲ್ಲೇ ನಿಂತು ಎಲ್ಲರಿಗೂ ಕೇಳುವ ಹಾಗೆ ಓದುತ್ತೇನೆ. ನಿನ್ನ ಹೆಸರು ಕೆಡಿಸುವಾಗ ಬಾಯಿ ದೊಡ್ಡದಿತ್ತು, ಈಗಲೂ ಇರಲಿ.