ಕಾಕಾನ ವಿಭೂತಿ ಮತ್ತು ನನ್ನ ಲೈಟು

ಗೆಳೆಯರೇ, ಇವತ್ತು ಸ್ಟುಡಿಯೋದಲ್ಲಿ ನಮ್ಮ ಕಾಕಾನ ವಿಭೂತಿ ಮಾಯ ಮಾಡಿ ಬೈಸಿಕೊಂಡೆ.

ಕಾಕಾ ಕಮಲಾಪುರದಲ್ಲಿ ಮಾಸ್ತರು, ಈ ತಿಂಗಳು ನಿವೃತ್ತಿ. ಬೀಳ್ಕೊಡುಗೆಯ ಬ್ಯಾನರಿಗೆ ಫೋಟೋ ಬೇಕೆಂದು ಬೆಳಿಗ್ಗೆಯೇ ಕಲಬುರಗಿಗೆ ಬಂದಿದ್ದರು. ನನಗೋ ಹೈ-ಕೀ ಭಾವಚಿತ್ರದ ಹುಚ್ಚು: ಹಿಂದೆ ಬಿಳಿ ಪರದೆ, ಬೇಕೆಂದೇ ಹೆಚ್ಚು ಬೆಳಕು, ಮುಖದ ಮೇಲೆ ನೆರಳೇ ಇರಬಾರದು. ಕಾಕಾ ನೋಡಿದರೆ ಬಿಳಿ ಧೋತರ, ಬಿಳಿ ಅಂಗಿ, ಹಣೆ ತುಂಬ ವಿಭೂತಿ. ಇನ್ನೇನು ಬೇಕು?

ಮೊದಲ ಫೋಟೋ ನೋಡಿದ್ದೇ ಕೇಳಿದರು, "ತಮ್ಮಾ, ನನ್ನ ವಿಭೂತಿ ಎಲ್ಲಿ ಹೋತೋ?"

"ಬೆಳಕಿನಾಗ ಕರಗ್ಯದ ಕಾಕಾ. ಇದು ಹೊಸಾ ಸ್ಟೈಲ್ ಅದರೀ."

"ಕಲಬುರಗಿ ಬಿಸಿಲಿಗೇ ಕರಗಿಲ್ಲ, ನಿನ್ನ ಲೈಟಿಗೆ ಕರಗ್ತದಾ?"

ಜೇಬಿನಿಂದ ವಿಭೂತಿ ಗಟ್ಟಿ ತೆಗೆದು ಇನ್ನಷ್ಟು ದಪ್ಪ ಬಳಿದುಕೊಂಡರು. ನಾನೂ ಬಿಡಲಿಲ್ಲ, ಇನ್ನೊಂದು ಲೈಟ್ ಹಾಕಿದೆ. ಅವರು ಮತ್ತೊಂದು ಪದರ ಹಚ್ಚಿದರು. ನಾಲ್ಕನೇ ಫೋಟೋದ ಹೊತ್ತಿಗೆ ವಿಭೂತಿಯಿರಲಿ, ಹಣೆಯೇ ಇರಲಿಲ್ಲ.

ಕಾಕಾನಿಗೆ ಸಿಟ್ಟು ಬಂತು. ನನಗೆಂದು ಊರಿನಿಂದ ತಂದಿದ್ದ ಕೆಂಪು ಬಾಳೆಹಣ್ಣುಗಳನ್ನು ಚೀಲದಿಂದ ತೆಗೆದು ತೊಡೆಯ ಮೇಲಿಟ್ಟುಕೊಂಡು ಕೂತರು. "ಈಗ ಹೊಡಿ. ಇವನ್ನ ಹ್ಯಾಂಗ ಕರಗಸ್ತಿ ನೋಡ್ತೀನಿ."

ಹೊಡೆದೆ. ನನ್ನ ಕಣ್ಣಿಗೆ ಅದು ಇಡೀ ದಿನದ ಅತ್ಯುತ್ತಮ ಚಿತ್ರ. ಹೆಮ್ಮೆಯಿಂದ ಊರಲ್ಲಿದ್ದ ಕಾಕಾನ ಹೆಂಡತಿ, ನಮ್ಮ ಚಿಗವ್ವನಿಗೆ ಕಳಿಸಿದೆ. ಕೂಡಲೇ ಫೋನ್ ಬಂತು.

"ಬಾಳೆಹಣ್ಣು ಭಾಳ ಚಂದ ಬಂದಾವ ತಮ್ಮಾ. ಹಂಗೇ ನಿಮ್ಮ ಕಾಕಾಂದೂ ಒಂದು ತೆಗಿ."